ಮೂವತ್ತಾರು ಫ್ರೇಮು, ಒಂದು ಕರಿಬೇವಿನ ಗಿಡ

ಕ್ಯಾಮೆರಾ ಹಿಡಿದು ಹಿತ್ತಿಲಿಗೆ ಇಳಿದವಳನ್ನು ಸುಮ್ಮನೆ ಬಿಡಬಾರದು ಅಂತ ನಮ್ಮ ರಸ್ತೆಯವರು ಸಭೆ ಸೇರಿ ಠರಾವು ಪಾಸು ಮಾಡಿರಬೇಕು. ಇಲ್ಲದಿದ್ದರೆ ನಾನು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದ ಆ ಒಂದು ಗಳಿಗೆಗೇ ಸರಿಯಾಗಿ ಯಾರಾದರೊಬ್ಬರು ಹೇಗೆ ಪ್ರತ್ಯಕ್ಷರಾಗುತ್ತಾರೆ? ಒಂದು ಸಲ ಅಲ್ಲ, ಎರಡು ಸಲ ಅಲ್ಲ. ಪ್ರತಿ ಸಲ!

ನಾನು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಕೊನೆಯ ದಿನ ಸ್ಟಾಫ್ ರೂಮಿನ ಬೀರು ಖಾಲಿ ಮಾಡುವಾಗ ಒಂದು ಹಳೇ ರೀಲ್ ಕ್ಯಾಮೆರಾ ಗುಜರಿಯವನ ಚೀಲಕ್ಕೆ ಬೀಳುವುದರಲ್ಲಿತ್ತು. ಬೇಡ ಎಂದು ಕೂಗಿದೆ. ಹೆಡ್‌ಮಾಸ್ತರರು ನಕ್ಕು, "ತಗೊಂಡ್ಹೋಗಿ ಮೇಡಂ, ನಿಮ್ಮ ಜೊತೆ ಅದೂ ರಿಟೈರ್ ಆಗ್ಲಿ" ಅಂದರು. ಮನೆಗೆ ತಂದು ಒರೆಸಿ, ರಿಪೇರಿ ಮಾಡಿಸಿ ನೋಡಿದರೆ ಅದು ರಿಟೈರ್ ಆಗುವ ಗಿರಾಕಿಯೇ ಅಲ್ಲ. ಲೆನ್ಸಿನ ಮುಂದೆ ಭೂತಗನ್ನಡಿಯಂಥ ಒಂದು ಗಾಜು ತಿರುಗಿಸಿ ಹಾಕಿದರೆ ಇರುವೆಯ ಮೀಸೆಯೂ ಕಾಣುತ್ತದೆ. ಆದರೆ ಒಂದು ಗೇಣಿನಷ್ಟು ಹತ್ತಿರ ಹೋಗಬೇಕು, ಉಸಿರಾಡಿದರೂ ಚಿತ್ರ ಮಸುಕಾಗುತ್ತದೆ.

ಜಯನಗರದ ಒಂದು ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಸೇರುವ ರೀಲ್ ಕ್ಯಾಮೆರಾದವರ ಗುಂಪೊಂದಿದೆ. ನಾನೂ ಸೇರಿಕೊಂಡೆ. ಹಿಂದೆ ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಯಜಮಾನರೊಬ್ಬರು ನಮಗೆ ಗುರುಗಳು. ಅವರು ಒಂದು ಪ್ರದರ್ಶನ ಏರ್ಪಡಿಸಿ, ಜೊತೆಗೊಂದು ಷರತ್ತನ್ನೂ ಹಾಕಿದರು. ಒಬ್ಬೊಬ್ಬರಿಗೆ ಒಂದೇ ರೀಲು. ಅದರ ಮೂವತ್ತಾರು ಫ್ರೇಮುಗಳನ್ನೂ ತೆಗೆದ ಕ್ರಮದಲ್ಲೇ, ಒಂದೇ ದೊಡ್ಡ ಹಾಳೆಯ ಮೇಲೆ ಹಾಕಿ ಗೋಡೆಗೆ ನೇತುಹಾಕಬೇಕು. "ಕೆಟ್ಟಿದ್ದೂ ಇರ್ಬೇಕು, ತಪ್ಪಿದ್ದೂ ಇರ್ಬೇಕು. ಯಾರಾದ್ರೂ ಕತ್ತರಿ ಹಾಕಿದ್ರೆ ಹೊರಗೆ" ಅಂದರು. ನನಗೆ ಈ ಷರತ್ತು ಬಹಳ ಹಿಡಿಸಿತು. ಲೆಕ್ಕದ ಹಂತಗಳನ್ನು ತೋರಿಸದೆ ಬರೀ ಉತ್ತರ ಬರೆದವರಿಗೆ ನಾನು ಎಂದೂ ಪೂರ್ತಿ ಮಾರ್ಕ್ಸ್ ಕೊಟ್ಟವಳಲ್ಲ.

ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಹಿತ್ತಿಲೆಂದರೆ ಉದ್ದಕ್ಕೆ ಹನ್ನೆರಡು ಹೆಜ್ಜೆ, ಅಡ್ಡಕ್ಕೆ ಮೂರು. ಅಲ್ಲೊಂದು ಕರಿಬೇವಿನ ಗಿಡ. ಮಳೆಗಾಲ ಹಿಡಿಯುತ್ತಿದ್ದಂತೆ ಅದರ ಚಿಗುರಿನ ಮೇಲೆ ಒಂದು ಕಪ್ಪು ಚಿಟ್ಟೆ ಬಂದು ಸಾಸಿವೆ ಗಾತ್ರದ ಮೊಟ್ಟೆಯೊಂದನ್ನು ಇಟ್ಟು ಹೋಯಿತು. ನನಗೆ ವಿಷಯ ಸಿಕ್ಕಿತು. ಮೊಟ್ಟೆಯಿಂದ ಹುಳ, ಹುಳದಿಂದ ಕೋಶ, ಕೋಶದಿಂದ ಚಿಟ್ಟೆ. ಮೂವತ್ತಾರನೇ ಫ್ರೇಮು ರೆಕ್ಕೆ ಬಿಚ್ಚಿದ ಚಿಟ್ಟೆಗೆ ಮೀಸಲು.

ಮೂವತ್ತೊಂದು ವರ್ಷ ಬೇರೆಯವರ ಮಕ್ಕಳು ಬರೆದ ಉತ್ತರವನ್ನೇ ತಿದ್ದಿದವಳು ನಾನು. ಒಂದು ಉತ್ತರವನ್ನು ಮೊದಲಿಂದ ಕೊನೆಯವರೆಗೆ ನಾನೇ, ನಾನೊಬ್ಬಳೇ ಬರೆಯಬೇಕು ಎಂದು ಆಸೆಪಟ್ಟೆ. ಅದು ಅಂಥ ದೊಡ್ಡ ಆಸೆಯೇ? ನೀವೇ ಹೇಳಿ.

ನಾಲ್ಕನೇ ಫ್ರೇಮು

ಎದುರು ಮನೆಯಾಕೆಯ ವಿಷಯ ಮೊದಲು ಹೇಳಿಬಿಡಬೇಕು. ಹನ್ನೊಂದು ವರ್ಷದಿಂದ ಆಕೆಯ ಮನೆಯ ಒಗ್ಗರಣೆಗೆ ನಮ್ಮ ಗಿಡದ ಕರಿಬೇವು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಆಕೆ ಬೆಲ್ ಒತ್ತಿಲ್ಲ, ಕೇಳಿಲ್ಲ. ಕೇಳುವುದಕ್ಕೆ ಆಕೆಗೆ ಪುರಸೊತ್ತಾದರೂ ಎಲ್ಲಿ? ಆಕೆಯ ಪದ್ಧತಿಯೇ ಹಾಗೆ. ಮೊದಲು ಒಲೆ ಹಚ್ಚುವುದು, ಬಾಣಲೆಗೆ ಎಣ್ಣೆ ಸುರಿಯುವುದು, ಆಮೇಲೆ ಕರಿಬೇವು ಇಲ್ಲವೆಂಬುದು ನೆನಪಾಗುವುದು, ಆಮೇಲೆ ರಸ್ತೆ ದಾಟಿ ಓಡಿ ಬರುವುದು. ನಮ್ಮ ಮನೆಯ ಪಕ್ಕದ ಓಣಿಯ ಗೇಟಿನ ಚಿಲಕ ತೆಗೆಯುವ ಸದ್ದು ಕೇಳಿದರೆ, ಎದುರು ಮನೆಯಲ್ಲಿ ಎಣ್ಣೆ ಕಾಯುತ್ತಿದೆ ಎಂದೇ ಅರ್ಥ.

ಅಂದು ಬೆಳಿಗ್ಗೆ ಮೊಟ್ಟೆಯೊಡೆದು ಹುಳ ಹೊರಬಂದಿತ್ತು. ಹಕ್ಕಿ ಹಿಕ್ಕೆಯ ತುಣುಕಿನಂತೆ ಕಾಣುವ ಎಳೆಯ ಹುಳ. ನಾನು ಮಂಡಿಯ ಕೆಳಗೆ ಕಾಲೊರೆಸುವ ಚಾಪೆ ಹಾಕಿಕೊಂಡು, ಗೇಣು ದೂರದಿಂದ ಫೋಕಸ್ ಹಿಡಿದು, ಉಸಿರು ನಿಲ್ಲಿಸಿ, ಬೆರಳನ್ನು ಮೆಲ್ಲನೆ ಒತ್ತುತ್ತಿದ್ದೆ. ಎರಡು ಹಸಿರು ಬಳೆಯೂ ಒಂದು ಚಿನ್ನದ ಬಳೆಯೂ ತೊಟ್ಟ ಕೈಯೊಂದು ಲೆನ್ಸಿನ ಮುಂದೆ ಬಂದು ಕರಿಬೇವಿನ ಎಸಳೊಂದನ್ನು ಚಟಕ್ಕನೆ ಕಿತ್ತಿತು. ನನ್ನ ಕ್ಯಾಮೆರಾವೂ ಚಟಕ್ಕೆಂದಿತು.

"ಏನ್ರೀ ಇದು!" ಅಂತ ಕಿರುಚಿದೆ.

"ಎಣ್ಣೆ ಇಟ್ಟು ಬಂದಿದೀನಿ ಟೀಚರ್, ಆಮೇಲೆ ಮಾತಾಡ್ತೀನಿ."

"ಒಂದು ಮಾತು ಕೇಳಿ ಕೀಳಬಾರ್ದಾ? ಗಿಡದಲ್ಲಿ ಹುಳ ಇದೆ!"

ಆಕೆ ಗೇಟಿನ ಹತ್ತಿರ ನಿಂತು ತಿರುಗಿದಳು. ಮುಖದಲ್ಲಿ ನಿಜವಾದ ನೋವಿತ್ತು. "ಕರಿಬೇವು ಕಿತ್ತಷ್ಟೂ ಚಿಗುರೋದು ಟೀಚರ್. ಹನ್ನೊಂದು ವರ್ಷದಿಂದ ಒಂದಿನಾನೂ ತಪ್ಪಿಸದೆ ಬಂದು ಕೀಳ್ತಾ ಇದೀನಿ. ನಿಮ್ಮ ಗಿಡಕ್ಕೆ ನಾನು ಮಾಡಿದ ಸೇವೆಗೆ ಒಂದ್ಸಲನಾದ್ರೂ ಥ್ಯಾಂಕ್ಸ್ ಹೇಳಿದೀರಾ?"

ಒಂಬತ್ತನೇ ಫ್ರೇಮು

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಗದಗದ ಕಡೆಯವಳು. ಬಿಟಿಎಂ ಲೇಔಟಿನ ಯಾವುದೋ ಆಫೀಸಿಗೆ ಹೋಗುತ್ತಾಳೆ. ಬಂಗಾರದಂಥ ಹುಡುಗಿ. ಹೇಳದೆಯೇ ಸಹಾಯ ಮಾಡುತ್ತಾಳೆ. ತೊಂದರೆ ಇರುವುದೇ ಅಲ್ಲಿ.

ಒಂದು ಭಾನುವಾರ ಪಾರ್ಕಿನಿಂದ ಬಂದು ಹಿತ್ತಿಲಿಗೆ ಹೋದರೆ ಹುಳ ಇರಲಿಲ್ಲ. ಎಲೆ ಎಲೆ ತಿರುಗಿಸಿ ನೋಡಿದೆ. ಇಲ್ಲ. ಅಷ್ಟರಲ್ಲಿ ಆ ಹುಡುಗಿ ಕೈಯಲ್ಲಿ ಪ್ಲಾಸ್ಟಿಕ್ ಮಗ್ಗು ಹಿಡಿದು ಓಣಿಯಲ್ಲಿ ಹೋಗುತ್ತಿದ್ದಳು.

"ಗಾಬರಿ ಆಗಬ್ಯಾಡ್ರೀ ಮೇಡಮ್ಮಾರ. ನಿಮ್ಮ ಕರಿಬೇವಿಗೆ ಹುಳ ಹತ್ತಿತ್ತು. ಎಲ್ಲಾ ಎಲಿ ತಿಂದು ಹಾಕಾಕತ್ತಿತ್ತು. ನಾನ ತಗದೇನ್ರಿ. ದೂರ ಒಗದು ಬರ್ತೇನಿ."

ನಾನು ಹಾಕಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಕೂಗಿನ ರಭಸಕ್ಕೆ ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾದ ಗುಂಡಿಯೂ ಒತ್ತಿಹೋಯಿತು. ಒಂಬತ್ತನೇ ಫ್ರೇಮಿನಲ್ಲಿ ಹುಳವಿಲ್ಲ, ಎಲೆಯಿಲ್ಲ. ತಂತಿಯ ಮೇಲೆ ಒಣಗಲು ಹಾಕಿದ ಚೂಡಿದಾರ ಮಸುಕು ಮಸುಕಾಗಿದೆ, ಅಷ್ಟೆ.

ಮಗ್ಗಿನೊಳಗೆ ಹುಳ ಕ್ಷೇಮವಾಗಿತ್ತು. ಹೋಳಿಗೆಯ ಮೇಲಿಂದ ಇರುವೆ ಎತ್ತುವಷ್ಟು ನಾಜೂಕಾಗಿ ಅದನ್ನು ಎತ್ತಿ ಮತ್ತೆ ಗಿಡಕ್ಕೆ ಬಿಟ್ಟೆ. ಆಮೇಲೆ ಆ ಹುಡುಗಿಯನ್ನು ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದೆ. ಈ ಹುಳವೇ ಚಿಟ್ಟೆಯಾಗುವುದು, ನಾನು ಅದರ ಫೋಟೋ ತೆಗೆಯುತ್ತಿರುವುದು, ಮನೆಯಲ್ಲಿ ಸಾರಿಗೆ ಕರಿಬೇವು ಇಲ್ಲದಿದ್ದರೂ ಪರವಾಗಿಲ್ಲ, ಹುಳಕ್ಕೆ ಇರಬೇಕೆನ್ನುವುದು. ಅವಳು ಬಹಳ ಗಮನವಿಟ್ಟು ಕೇಳಿ ಮೇಲೆ ಹೋದಳು. ಸಂಜೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟು, ತಲೆ ತಗ್ಗಿಸಿ ನಿಂತಳು.

"ನಮ್ಮವ್ವಗ ಫೋನ್ ಮಾಡಿ ಎಲ್ಲಾ ಹೇಳಿದೆರಿ, ಮಾಲಕರು ಹುಳ ಸಾಕ್ಯಾರಂತ."

"ಏನಂದ್ರು ನಿಮ್ಮವ್ವ?"

"ಮೊದಲ ಬ್ಯಾರೆ ಮನಿ ನೋಡು ಅಂದ್ಳರಿ."

ಹನ್ನೊಂದನೇ ಫ್ರೇಮು

ಇನ್ನು ಸೊಳ್ಳೆ ಹೊಗೆಯವನ ಕಥೆ. ಹೆಗಲಿಗೆ ಹೊಗೆ ಮೆಷಿನ್ನು ಹಾಕಿಕೊಂಡು, ಭಯಂಕರ ಸದ್ದು ಮಾಡುತ್ತಾ ರಸ್ತೆಯ ತುದಿಯಿಂದ ಮನೆ ಮನೆಗೆ ಹೊಗೆ ಬಿಡುತ್ತಾ ಬಂದ. ನಾನು ಒಗೆಯಲು ಹಾಕಿದ್ದ ನಮ್ಮವರ ಪಂಚೆಯನ್ನು ಎಳೆದು ಗಿಡಕ್ಕೆ ಹೊದಿಸಿ, ಓಣಿಯ ಬಾಯಲ್ಲಿ ಅಡ್ಡ ನಿಂತೆ.

"ಸೈಡ್‌ಗೆ ಬನ್ನಿ ಮೇಡಂ, ಹಿತ್ಲಿಗೂ ಒಂದ್ ರೌಂಡ್ ಹೊಡೀತೀನಿ."

"ಬೇಡಪ್ಪ, ಅಲ್ಲಿ ಹುಳ ಇದೆ."

"ಹುಳ ಸಾಯ್ಲಿ ಅಂತಾನೇ ಬಂದಿರೋದು ಮೇಡಂ."

"ಇದು ಸಾಯಬಾರದ ಹುಳ."

ಅವನು ಮೆಷಿನ್ನು ಆರಿಸಿದ. ಪಂಚೆ ಉಟ್ಟ ಗಿಡವನ್ನು ನೋಡಿದ, ನನ್ನನ್ನು ನೋಡಿದ. ಕೆಲಸದಲ್ಲಿ ಎಂತೆಂಥವರನ್ನೋ ಕಂಡವನ ತಾಳ್ಮೆಯಿಂದ ಹೇಳಿದ, "ಆಯ್ತು ಮೇಡಂ, ಹೊಡೆಯಲ್ಲ. ಆದ್ರೆ ಫೋಟೋ ಬೇಕು. ಪ್ರತಿ ಮನೇಲೂ ಮೆಷಿನ್ ಹಿಡ್ಕೊಂಡ್ ನಿಂತಿರೋ ಫೋಟೋ ಕಳಿಸ್ಬೇಕು, ರೂಲ್ಸು. ನನ್ ಮೊಬೈಲ್ ಚಾರ್ಜ್ ಖಾಲಿ. ನಿಮ್ ಹತ್ರ ಕ್ಯಾಮೆರಾ ಇದ್ಯಲ್ಲ, ಒಂದ್ ತೆಗೀರಿ. ಇಲ್ಲಾಂದ್ರೆ ಹೊಗೆ ಹಾಕ್ಲೇಬೇಕಾಗುತ್ತೆ."

ಇದು ಬ್ಲ್ಯಾಕ್‌ಮೇಲ್ ಅಲ್ಲದೆ ಇನ್ನೇನು? ಇರುವ ಮೂವತ್ತಾರರಲ್ಲಿ ಒಂದನ್ನು ಸೊಳ್ಳೆ ಮೆಷಿನ್ನಿಗೆ ಕೊಡಬೇಕೇ? ಒಂದು ಕಡೆ ನನ್ನ ಹಾಳೆ, ಇನ್ನೊಂದು ಕಡೆ ಹುಳದ ಪ್ರಾಣ. ಹಲ್ಲು ಕಚ್ಚಿಕೊಂಡು ಲೆನ್ಸಿನ ಮುಂದಿನ ಗಾಜು ಬಿಚ್ಚಿದೆ. ಅವನು ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿ, ಮೆಷಿನ್ನನ್ನು ಎದೆಗವಚಿಕೊಂಡು ಮದುವೆ ಗಂಡಿನಂತೆ ನಿಂತ. ತೆಗೆದೆ.

"ಈಗ ವಾಟ್ಸಾಪ್ ಮಾಡ್ಬಿಡಿ ಮೇಡಂ."

"ಇದು ರೀಲ್ ಕಣಪ್ಪ! ಪೂರ್ತಿ ಮುಗೀಬೇಕು, ತೊಳೀಬೇಕು, ಒಣಗಿಸ್ಬೇಕು, ಪ್ರಿಂಟ್ ಹಾಕ್ಬೇಕು. ಫೋಟೋ ನಿನ್ನ ಕೈಗೆ ಬರೋಕೆ ಒಂದೂವರೆ ತಿಂಗಳು" ಅಂತ ಗೆದ್ದ ಸಂತೋಷದಲ್ಲಿ ಹೇಳಿದೆ.

"ಪರ್ವಾಗಿಲ್ಲ ಮೇಡಂ" ಅಂದ ಅವನು ಮೆಷಿನ್ನು ಹೆಗಲಿಗೇರಿಸುತ್ತಾ. "ನಮ್ ಸಾಹೇಬ್ರು ನೋಡೋದೂ ಅಷ್ಟೊತ್ತಿಗೇನೇ."

ಹದಿನೈದು, ಹದಿನಾರು, ಹದಿನೇಳು

ಹೊರಗಿನವರನ್ನು ಬೈದು ಏನು ಪ್ರಯೋಜನ? ಮನೆಯೊಳಗೇ ಒಬ್ಬರಿದ್ದಾರೆ.

ಹುಳ ಬೆಳೆದು ಹಸಿರಾಗಿ, ಕಿರುಬೆರಳಿನಷ್ಟು ದಪ್ಪವಾಗಿತ್ತು. ಅದನ್ನು ಕೆಣಕಿದರೆ ತಲೆಯಿಂದ ಎರಡು ಕೆಂಪು ಕೊಂಬು ಚಾಚುತ್ತದೆ, ಒಂದು ಥರ ವಾಸನೆ ಬಿಡುತ್ತದೆ. ಆ ಕೊಂಬಿನ ಮೂರು ಚಿತ್ರಗಳಿಗಾಗಿ ನಾನು ಮೂರು ಬೆಳಗು ಕಾಯ್ದಿದ್ದೆ. ಇಡೀ ರೀಲಿನಲ್ಲೇ ಅವು ಚೆನ್ನಾಗಿ ಬಂದಿವೆ ಅಂತ ನನ್ನ ಬೆರಳಿಗೇ ಗೊತ್ತಾಗಿತ್ತು.

ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ನಮ್ಮವರು ಹಾಲಿನಲ್ಲಿ, ಕಿಟಕಿಯ ಬಿಸಿಲಿಗೆ ಕುರ್ಚಿ ಎಳೆದುಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ತೊಡೆಯ ಮೇಲೆ ನನ್ನ ಕ್ಯಾಮೆರಾ ಇಟ್ಟುಕೊಂಡಿದ್ದರು. ಹಿಂದಿನ ಬಾಗಿಲು ತೆರೆದಿತ್ತು. ಮನೆಯದಲ್ಲ, ಕ್ಯಾಮೆರಾದ್ದು!

ನಾನು ಒದ್ದೆ ತಲೆಯಲ್ಲೇ ಹಾರಿ ಬಂದು ಅದನ್ನು ಮುಚ್ಚಿದೆ. ಬೆಳಕು ಬಿದ್ದ ರೀಲು ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಸುತ್ತಿಕೊಂಡ ಒಳಗಿನ ಫ್ರೇಮುಗಳು ಉಳಿಯುತ್ತವೆ, ಮೇಲಿನ ಸುತ್ತು ಸುಟ್ಟುಹೋಗುತ್ತದೆ. ಮೇಲಿನ ಸುತ್ತಿನಲ್ಲಿ ಇದ್ದದ್ದು ನನ್ನ ಕೊಂಬು.

"ಯಾಕ್ರೀ ತೆಗೆದ್ರಿ?" ನನಗೆ ಅಳುವೇ ಬಂದುಬಿಟ್ಟಿತ್ತು.

"ಎಲ್ಲಿವರೆಗೆ ಬಂದಿದೆ ನೋಡೋಣ ಅಂತ ತೆಗೆದೆ ಕಣೆ." ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಕಡತ ಪರಿಶೀಲಿಸಿದ ಮನುಷ್ಯ. ಮುಚ್ಚಿದ್ದನ್ನೆಲ್ಲ ತೆರೆದು ನೋಡಲೇಬೇಕು. ಕನ್ನಡಕ ಸರಿಮಾಡಿಕೊಂಡು, ಬಹಳ ವಿಷಾದದಿಂದ ಸೇರಿಸಿದರು, "ನೊಂದ್ಕೋಬೇಡ, ನಿಜ ಹೇಳ್ತೀನಿ. ಮೂರು ವಾರದಿಂದ ಅಷ್ಟು ಕಷ್ಟ ಪಡ್ತಿದೀಯ, ಒಂದೂ ಬಂದಿಲ್ಲ. ಬರೀ ಬೂದಿ ಬಣ್ಣ."

ಇಪ್ಪತ್ತೆರಡನೇ ಫ್ರೇಮು

ಆ ದುಃಖದ ನಡುವೆಯೂ ಹುಳ ತನ್ನ ಕೆಲಸ ಬಿಡಲಿಲ್ಲ. ಎಸಳಿನ ದಂಟಿಗೆ ತನ್ನನ್ನು ತಾನೇ ನೂಲಿನಿಂದ ಬಿಗಿದುಕೊಂಡು ಕೋಶವಾಯಿತು. ಹಸಿರು ಕೋಶ, ನೋಡಿದರೆ ಮಡಚಿಕೊಂಡ ಎಲೆ ಎನ್ನಬೇಕು, ಹಾಗೆ. ಇನ್ನು ಹತ್ತು ದಿನ ಅದು ಅಲ್ಲಾಡುವುದಿಲ್ಲ, ನಾನೂ ನೆಮ್ಮದಿಯಾಗಿರಬಹುದು ಅಂದುಕೊಂಡೆ.

ಮೂರನೇ ದಿನ ಹೋದರೆ ಎಸಳೇ ಇಲ್ಲ. ಕಿತ್ತ ಗಾಯ ಹಸಿಹಸಿಯಾಗಿತ್ತು. ನನಗೆ ಬಂದ ಸಿಟ್ಟಿಗೆ, ಸಾಕ್ಷಿಗಿರಲಿ ಎಂದು ಆ ಖಾಲಿ ಕೊಂಬೆಯ ಫೋಟೋವನ್ನೇ ಒಂದು ತೆಗೆದೆ. ಅದೇ ಇಪ್ಪತ್ತೆರಡನೇ ಫ್ರೇಮು. ತೆಗೆದವಳೇ ರಸ್ತೆ ದಾಟಿ, ಜೀವಮಾನದಲ್ಲಿ ಮೊದಲ ಸಲ ಬೆಲ್ ಒತ್ತದೆ, ಎದುರು ಮನೆಯ ಅಡುಗೆಮನೆಗೆ ನುಗ್ಗಿದೆ.

"ನನ್ನ ಕರಿಬೇವು ಎಲ್ಲಿ?"

ಆಕೆ ಚಕ್ಕುಲಿ ಒರಳು ಒರೆಸುತ್ತಿದ್ದಳು. "ಯಾವ ಕರಿಬೇವು?"

"ಬೆಳಿಗ್ಗೆ ಕಿತ್ತದ್ದು! ಒಗ್ಗರಣೆಗೆ ಹಾಕಿಬಿಟ್ರಾ?"

"ಇಲ್ವಲ್ಲ. ಎಲೆ ದಪ್ಪ ದಪ್ಪ ಇತ್ತು, ಚೆನ್ನಾಗಿದೆ ಅಂತ ಹಬ್ಬಕ್ಕೆ ಎತ್ತಿಟ್ಟಿದೀನಿ."

ಫ್ರಿಜ್ಜು ತೆಗೆದು, ಹಸಿಮೆಣಸಿನಕಾಯಿಯ ಪಕ್ಕದ ಸ್ಟೀಲ್ ಡಬ್ಬಿ ತೆಗೆದು, ನ್ಯೂಸ್ ಪೇಪರು ಬಿಚ್ಚಿದರೆ, ಎಸಳುಗಳ ನಡುವೆ ನನ್ನ ಕೋಶ ತಣ್ಣಗೆ ಮಲಗಿತ್ತು. ಕಿವಿಯ ಹತ್ತಿರ ಹಿಡಿದೆ. ಕೆನ್ನೆಗೆ ಮುಟ್ಟಿಸಿದೆ. ಸ್ವಲ್ಪ ಬೆಚ್ಚಗಾದ ಮೇಲೆ ಒಂದು ಸಲ ಮಿಸುಕಿತು. ಜೀವ ಇತ್ತು! ನನಗೂ ಆಗಲೇ ಜೀವ ಬಂದದ್ದು. ಡಬ್ಬಿ ಸಮೇತ ಎತ್ತಿಕೊಂಡು ಹೊರಟೆ. ಬಾಗಿಲಲ್ಲಿ ಆಕೆ ಅಡ್ಡ ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಏನು ಕಾಲ ಬಂತು ಟೀಚರ್! ಕೊಟ್ಟ ಕರಿಬೇವನ್ನ ವಾಪಸ್ ಕೇಳೋರನ್ನ ನಾನು ಇವತ್ತೇ ನೋಡಿದ್ದು."

ಕೊಟ್ಟ! ನಾನು ಕೊಟ್ಟದ್ದು ಯಾವಾಗ?

ಮೂವತ್ತಾರನೇ ಫ್ರೇಮು

ದಂಟನ್ನು ಬಿಳಿ ದಾರದಿಂದ ಗಿಡಕ್ಕೆ ಕಟ್ಟಿದೆ. ಮಹಡಿಯ ಹುಡುಗಿ ಈಗ ನನ್ನ ಕಡೆ ಸೇರಿಕೊಂಡಿದ್ದಳು. ಬೆಳಿಗ್ಗೆ ಎದ್ದವಳೇ ಮೇಲಿನ ಕಂಬಿಯಿಂದ ಬಗ್ಗಿ ನೋಡುವುದು, "ಇನ್ನೂ ಮಲಗೇತ್ರಿ" ಎಂದು ವರದಿ ಕೊಡುವುದು. ಒಂದು ದಿನ ಎಂಟು ಗಂಟೆಗೆ ಕೂಗಿದಳು, "ಮೇಡಮ್ಮಾರ, ಕರ್ರಗಾಗೇತ್ರಿ! ಬಿರಿಯಾಕತ್ತೇತಿ!"

ಓಡಿದೆ. ಕೋಶ ಬಿರಿದು, ಮುದುಡಿದ ಒದ್ದೆ ಬಟ್ಟೆಯಂಥ ಜೀವವೊಂದು ಹೊರಗೆ ಬಂತು. ಇಪ್ಪತ್ತೆಂಟರಿಂದ ಮೂವತ್ತೈದರವರೆಗೆ ಎಂಟು ಫ್ರೇಮುಗಳನ್ನು ಯಾರ ಕೈಯೂ, ಯಾರ ಮೆಷಿನ್ನೂ, ಯಾರ ಕುತೂಹಲವೂ ಇಲ್ಲದೆ ತೆಗೆದೆ. ನಮ್ಮವರನ್ನು ಮನೆಯೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿದ್ದೆ. ಇನ್ನು ಉಳಿದದ್ದು ಒಂದೇ ಫ್ರೇಮು. ರೆಕ್ಕೆ ಒಣಗಿ ಬಿಚ್ಚಿಕೊಳ್ಳಲು ಮುಕ್ಕಾಲು ಗಂಟೆ ಬೇಕು. ಮಂಡಿಯೂರಿ ಕಾದೆ. ಸೂರ್ಯನಿಗೆ ಮೋಡ ಅಡ್ಡ ಬಂತು, ಹೋಯಿತು. ಚಿಟ್ಟೆ ದಂಟಿನ ತುದಿಗೆ ಹತ್ತಿ ರೆಕ್ಕೆ ಅಗಲಿಸತೊಡಗಿತು. ಕಪ್ಪು ರೆಕ್ಕೆ, ಅಂಚಿನಲ್ಲಿ ಬಿಳಿ ಚುಕ್ಕೆ. ಫೋಕಸ್ ಹಿಡಿದೆ. ಉಸಿರು ನಿಲ್ಲಿಸಿದೆ.

ಓಣಿಯ ಗೇಟಿನ ಚಿಲಕ ಸದ್ದು ಮಾಡಿತು.

ನಾನು ಬೇಡ ಎನ್ನಬೇಕಿತ್ತು. ಬಾಯಿ ತೆರೆದರೆ ಉಸಿರು ತಗಲಿ ಚಿಟ್ಟೆ ಅಲ್ಲಾಡುತ್ತದೆ. ಎರಡು ಹಸಿರು ಬಳೆ, ಒಂದು ಚಿನ್ನದ ಬಳೆ. ಕೈ ನೇರವಾಗಿ ದಂಟಿಗೇ ಬಂತು. ಇನ್ನೇನು ಕೀಳಬೇಕು, ಚಿಟ್ಟೆ ಮೆಲ್ಲನೆ ಕಾಲೆತ್ತಿ, ಒಂದೊಂದೇ ಹೆಜ್ಜೆ ಇಟ್ಟು, ಆಕೆಯ ತೋರುಬೆರಳಿನ ಮೇಲೆ ಹತ್ತಿ ಕುಳಿತುಬಿಟ್ಟಿತು. ಅಲ್ಲಿ ಪೂರ್ತಿ ರೆಕ್ಕೆ ಬಿಚ್ಚಿತು.

"ಅಯ್ಯಯ್ಯೋ ಟೀಚರ್, ಏನಿದು!"

"ಅಲ್ಲಾಡಬೇಡಿ!" ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಎಣ್ಣೆ ಇಟ್ಟು ಬಂದಿದೀನಿ!"

"ಅಲ್ಲಾಡಿದ್ರೆ ನೋಡಿ!" ಇದು ಒಂಬತ್ತನೇ ತರಗತಿಯ ಕೊನೆಯ ಬೆಂಚಿನವರಿಗೆ ಮಾತ್ರ ನಾನು ಬಳಸುತ್ತಿದ್ದ ದನಿ. ಆಕೆ ಕಂಬದ ಹಾಗೆ ನಿಂತಳು. ನಾನು ಮತ್ತೆ ಮೊದಲಿಂದ ಫೋಕಸ್ ಹಿಡಿಯತೊಡಗಿದೆ. ಇರುವುದು ಒಂದೇ ಫ್ರೇಮು, ಅವಸರ ಮಾಡುವ ಹಾಗಿಲ್ಲ. ಮೋಡ ಮತ್ತೆ ಬಂತು. ಕಾದೆ.

"ಟೀಚರ್... ಸುಟ್ಟ ವಾಸನೆ ಬರ್ತಿದೆ."

"ಬರ್ಲಿ."

"ನಮ್ಮನೇದು ಟೀಚರ್!"

ಮಹಡಿಯಿಂದ ಹುಡುಗಿ ಧಡಧಡ ಇಳಿದು ಎದುರು ಮನೆಗೆ ಓಡುವ ಸದ್ದು ಕೇಳಿತು. ಒಳಗಿನಿಂದ ನಮ್ಮವರು ಬಾಗಿಲು ಬಡಿಯುತ್ತಾ, "ಎಲ್ಲೋ ಹೊಗೆ ಬರ್ತಿದೆ ಕಣೇ, ಸೊಳ್ಳೆಯವನು ಬಂದ್ನಾ?" ಎಂದು ಕೂಗಿದರು. ಮೋಡ ಸರಿಯಿತು. ಬಿಸಿಲು ರೆಕ್ಕೆಯ ಮೇಲೆ ಬಿತ್ತು. ಒತ್ತಿದೆ.

ಚಿಟ್ಟೆ ಎದ್ದು, ಕಾಂಪೌಂಡು ದಾಟಿ ಹಾರಿ ಹೋಯಿತು. ಆಕೆ ಆ ಬೆರಳನ್ನೇ ನೋಡುತ್ತಾ ನಿಂತಳು. ಕಣ್ಣಲ್ಲಿ ನೀರು. ಪರವಾಗಿಲ್ಲ, ಈ ಹೆಂಗಸಿಗೂ ಮನಸ್ಸು ಕರಗಿತು ಎಂದುಕೊಂಡೆ.

"ನೋಡಿ, ಎಷ್ಟು ಹೊತ್ತು ನಿಲ್ಲಿಸಿಬಿಟ್ರಿ!" ಎಂದಳು ಸೆರಗಿನಿಂದ ಕಣ್ಣೊರೆಸುತ್ತಾ. "ಹೊಗೆ ಇಲ್ಲಿವರೆಗೂ ಬಂತು."

ಮಹಡಿಯ ಹುಡುಗಿ ಒಲೆ ಆರಿಸಿ ಬಂದು ವರದಿ ಒಪ್ಪಿಸಿದಳು, "ಮನಿ ಉಳೀತ್ರಿ. ಬಾಣಲಿ ಹೋತು."

ಇಡೀ ಹಾಳೆ

ಪ್ರದರ್ಶನಕ್ಕೆ ನಾನು ಎದುರು ಮನೆಯಾಕೆಯನ್ನು ಬೇಕೆಂದೇ ಕರೆದೆ. ಒಪ್ಪಿಕೊಳ್ಳುತ್ತೇನೆ, ಮನಸ್ಸಿನಲ್ಲಿ ಸೇಡಿತ್ತು. ನಾಲ್ಕನೇ ಫ್ರೇಮಿನಲ್ಲಿ ಕೀಳುತ್ತಿರುವ ಕೈ, ಇಪ್ಪತ್ತೆರಡರಲ್ಲಿ ಕಿತ್ತ ಗಾಯ. ಊರ ಜನರ ಮುಂದೆ ಗೋಡೆಯ ಮೇಲೆ ಸಾಕ್ಷಿ ಸಮೇತ ನೇತಾಡಲಿ, ನಾಚಿಕೆಯಾಗಲಿ ಎಂದು.

ಹಾಲ್ ತುಂಬಾ ಜನ. ನನ್ನ ಹಾಳೆಯ ಮುಂದೆಯೇ ಹೆಚ್ಚು ಗುಂಪು. ಗಡ್ಡ ಬಿಟ್ಟ ಒಬ್ಬ ಯುವಕ, ಬೆಳಕು ಬಿದ್ದು ಪೂರ್ತಿ ಬೆಳ್ಳಗಾಗಿದ್ದ ಆ ಮೂರು ಫ್ರೇಮುಗಳ ಎದುರು ಬಹಳ ಹೊತ್ತು ನಿಂತು, "ಹುಳಕ್ಕೂ ಕೋಶಕ್ಕೂ ಮಧ್ಯೆ ಈ ಖಾಲಿತನ... ಸಖತ್ತಾಗಿದೆ ಮೇಡಂ. ಇದನ್ನ ಹಾಗೇ ಬಿಡೋಕೆ ಧೈರ್ಯ ಬೇಕು" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಮ್ಮವರು ಮುಂದೆ ಬಂದು ಅವನ ಕೈ ಕುಲುಕಿದರು. "ಆ ಮೂರು ನಾನು ಮಾಡಿದ್ದು."

ಸ್ಟುಡಿಯೋ ಯಜಮಾನರು ಮೂವತ್ತಾರನ್ನು ಭೂತಗನ್ನಡಿಯಲ್ಲಿ ನೋಡಿದರು. ಬೆರಳ ತುದಿಯಲ್ಲಿ ಕೂತ ಚಿಟ್ಟೆಯ ಒಂದೊಂದು ಚುಕ್ಕೆಯನ್ನೂ ಎಣಿಸುವ ಹಾಗಿತ್ತು. ಹಿಂದೆ, ಮಸುಕಿನಲ್ಲಿ, ಬಾಯಿ ತೆರೆದು ನಿಂತ ಒಂದು ಮುಖ. "ನಾಲ್ಕರಲ್ಲಿ ಕೀಳೋಕೆ ಬಂದ ಕೈ, ಮೂವತ್ತಾರರಲ್ಲಿ ಚಿಟ್ಟೆಗೆ ಜಾಗ ಕೊಟ್ಟಿದೆ. ಎಷ್ಟು ದಿನದಿಂದ ಪ್ಲಾನ್ ಮಾಡಿದ್ರಿ ಮೇಡಂ?" ಎಂದು ಕೇಳಿದರು. ಪ್ಲಾನಾ! ನನ್ನ ಪ್ಲಾನಿನಲ್ಲಿ ಇವರಲ್ಲಿ ಒಬ್ಬರೂ ಇರಲಿಲ್ಲ ಎಂದು ಕೂಗಬೇಕೆನಿಸಿತು. ಇಡೀ ಹಾಳೆ ನೋಡಿದೆ. ಬಳೆ ಕೈ, ಚೂಡಿದಾರ, ತಲೆ ಬಾಚಿದ ಸೊಳ್ಳೆಯವನು, ನಮ್ಮವರ ಮೂರು ಬಿಳಿ ಚೌಕ. ನಾನೊಬ್ಬಳೇ ಬರೆಯಬೇಕೆಂದಿದ್ದ ಉತ್ತರದಲ್ಲಿ ರಸ್ತೆಯವರೆಲ್ಲ ಕೈಯಾಡಿಸಿದ್ದರು. ಸಿಟ್ಟು ಇನ್ನೂ ಇತ್ತು. ಆದರೆ ಆ ಹಾಳೆಯಿಂದ ಕಣ್ಣು ಕೀಳಲಾಗಲಿಲ್ಲ ಎನ್ನುವುದೂ ನಿಜ.

ಅಷ್ಟರಲ್ಲಿ ಎದುರು ಮನೆಯಾಕೆ ಬಂದಳು. ನಾಲ್ಕನೇ ಫ್ರೇಮು ನೋಡಿದಳು. ಬಳೆ ಗುರುತಿಸಿದಳು. ಈಗ ತಲೆ ತಗ್ಗಿಸುತ್ತಾಳೆ ಎಂದು ಕಾದೆ. ಆಕೆ ಕೈ ಮೇಲೆತ್ತಿ, ಬಳೆ ಗಲಗಲ ಮಾಡಿ, ನಾಲ್ಕನ್ನೂ ಮೂವತ್ತಾರನ್ನೂ ತೋರಿಸುತ್ತಾ ಇಡೀ ಹಾಲಿಗೆ ಕೇಳುವಂತೆ ಹೇಳಿದಳು, "ಇದು ನಾನು! ಅದೂ ನಾನೇ!" ಜನ ಆಕೆಯ ಜೊತೆ ಸೆಲ್ಫಿ ತೆಗೆದುಕೊಂಡರು. ನನ್ನನ್ನು, ಸ್ವಲ್ಪ ಪಕ್ಕಕ್ಕೆ ಸರೀತೀರಾ ಎಂದು ಕೇಳಿದರು.

ಮುಂದಿನ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯ ಬೆಲ್ ಸದ್ದಾಯಿತು. ಬಾಗಿಲು ತೆಗೆದರೆ ಎದುರು ಮನೆಯಾಕೆ. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಮುಖಕ್ಕೆ ಪೌಡರು. ಹಿಂದೆ ಆಕೆಯ ಭಜನೆ ಗುಂಪಿನ ಇನ್ನಿಬ್ಬರು, ಅವರೂ ರೇಷ್ಮೆ ಸೀರೆಯಲ್ಲೇ.

"ಟೀಚರ್, ಕರಿಬೇವು ಕಿತ್ಕೊಳ್ಳಲಾ?" ಎಂದು ಕೇಳಿದಳು.

ಹನ್ನೊಂದು ವರ್ಷ! ಹನ್ನೊಂದು ವರ್ಷದ ಮೇಲೆ ಆಕೆಯ ಬಾಯಿಂದ ಆ ಮಾತು ಬಂತು. ಎಷ್ಟಾದರೂ ಮೇಷ್ಟ್ರುಗಳು ನಾವು, ತಿದ್ದಿಕೊಂಡವರನ್ನು ಕಂಡರೆ ಕರಗಿಬಿಡುತ್ತೇವೆ. "ಅಯ್ಯೋ, ಅದಕ್ಕೇನ್ರೀ, ಧಾರಾಳವಾಗಿ ಕಿತ್ಕೊಳ್ಳಿ" ಎಂದೆ.

"ಹಾಗಾದ್ರೆ ಕ್ಯಾಮೆರಾ ತನ್ನಿ" ಎಂದಳು, ಸೆರಗು ಸರಿಮಾಡಿಕೊಂಡು ಓಣಿಯ ಕಡೆ ನಡೆಯುತ್ತಾ. "ಮೊದಲು ನಾನು ಕೀಳ್ತೀನಿ, ಆಮೇಲೆ ಇವರಿಬ್ರು. ಚಿಟ್ಟೆ ಯಾರ್ಯಾರ ಬೆರಳಿಗೆ ಯಾವಾಗ ಕೂರಿಸ್ತೀರೋ ಕೂರಿಸಿ, ಅವಸರ ಇಲ್ಲ. ಈ ಸಲ ಒಲೆ ಆರಿಸಿ ಬಂದಿದೀವಿ."